ತಿಂಗಳ ಲೆಕ್ಕ, ವರ್ಷದ ಲೆಕ್ಕ: ಪೇಟೆ ಬಿಟ್ಟು ಹಳ್ಳಿಗೆ ಹೋದ ಸಂಸಾರದ ಖರ್ಚು

ಬೆಂಗಳೂರು ಬಿಟ್ಟು ಊರಿಗೆ ಹೋಗಿ ನೆಲೆಸುವ ಮಾತು ಬಂದಾಗಲೆಲ್ಲ ಕೇಳಿಬರುವ ಲೆಕ್ಕ ಒಂದೇ. ಬಾಡಿಗೆ ಉಳಿಯುತ್ತದೆ, ತರಕಾರಿ ಹಿತ್ತಲಲ್ಲೇ ಆಗುತ್ತದೆ, ಹಾಲಿಗೆ ಕೊಟ್ಟಿಗೆಯಿದೆ, ಅರ್ಧ ದುಡ್ಡಿನಲ್ಲಿ ಸಂಸಾರ ನಡೆಯುತ್ತದೆ. 2020ರ ಲಾಕ್‌ಡೌನಿನ ನಂತರ ಈ ಲೆಕ್ಕ ನಂಬಿ ಮಲೆನಾಡಿಗೆ, ಕರಾವಳಿಗೆ, ಬಯಲುಸೀಮೆಗೆ ಹೊರಟ ಕುಟುಂಬಗಳಲ್ಲಿ ಕೆಲವು ಊರಲ್ಲೇ ಬೇರೂರಿವೆ, ಕೆಲವು ಒಂದೆರಡು ಮಳೆಗಾಲ ಕಳೆದು ವಾಪಸಾಗಿವೆ. ನಾನು ಗಮನಿಸಿದಂತೆ ಉಳಿದವರ ಮನೆಯಲ್ಲೂ ಮರಳಿದವರ ಮನೆಯಲ್ಲೂ ಖರ್ಚಿನ ಬಾಬತ್ತುಗಳು ಹೆಚ್ಚುಕಡಿಮೆ ಒಂದೇ. ಆ ಖರ್ಚು ಯಾವಾಗ ಬರುತ್ತದೆ ಎಂಬುದನ್ನು ಮೊದಲೇ ಎಣಿಸಿದ್ದವರು ಉಳಿದರು. ಪೇಟೆಯ ಖರ್ಚು ತಾರೀಕು ಹಿಡಿದು ಬರುತ್ತದೆ: ಒಂದಕ್ಕೆ ಬಾಡಿಗೆ, ಐದಕ್ಕೆ ಕಂತು, ಹತ್ತಕ್ಕೆ ಕರೆಂಟು ಬಿಲ್ಲು. ಹಳ್ಳಿಯಲ್ಲಿ ಖರ್ಚು ಋತು ಹಿಡಿದು, ದೂರ ಹಿಡಿದು, ನಂಟಸ್ತನ ಹಿಡಿದು ಬರುತ್ತದೆ. ತಿಂಗಳ ಸಂಬಳದ ಕಣ್ಣಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ಸರ್ಕಾರಿ ಅಂಕಿಅಂಶ ಮೇಲ್ನೋಟಕ್ಕೆ ಹಳ್ಳಿಯ ಪರವಾಗಿದೆ. 2022–23ರ ಕುಟುಂಬ ಅನುಭೋಗ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,397 ರೂಪಾಯಿ, ನಗರದಲ್ಲಿ 7,666 ರೂಪಾಯಿ. ನಾಲ್ಕು ಜನರ ಮನೆಗೆ ಹಿಡಿದರೆ ಒಂದು ಕಡೆ ಹದಿನೇಳೂವರೆ ಸಾವಿರ, ಇನ್ನೊಂದು ಕಡೆ ಮೂವತ್ತು ಸಾವಿರ ಚಿಲ್ಲರೆ. ದೇಶದ ಮಟ್ಟದಲ್ಲಿ ನೋಡಿದರೆ 2011–12ರಲ್ಲಿ ನಗರದ ಖರ್ಚು ಹಳ್ಳಿಯ ಖರ್ಚಿಗಿಂತ ಶೇ 84ರಷ್ಟು ಹೆಚ್ಚಿತ್ತು. 2023–24ರ ಹೊತ್ತಿಗೆ ಆ ಅಂತರ ಶೇ 70ಕ್ಕೆ ಇಳಿದಿದೆ.

ಈ ಅಂಕಿಗಳನ್ನು ಹಿಡಿದು ಹೊರಡುವ ಮುನ್ನ ಎರಡು ಸಂಗತಿ ನೆನಪಿಡಬೇಕು. ಹಳ್ಳಿಯ ಸರಾಸರಿ ಕಡಿಮೆಯಿರುವುದು ಅಲ್ಲಿ ವಸ್ತು ಅಗ್ಗವೆಂಬ ಕಾರಣಕ್ಕೆ ಮಾತ್ರ ಅಲ್ಲ. ಕೈಯಲ್ಲಿ ದುಡ್ಡಿಲ್ಲದೆ ಜನ ಕಡಿಮೆ ಕೊಳ್ಳುತ್ತಾರೆಂಬ ಕಾರಣಕ್ಕೂ ಹೌದು. ಪೇಟೆಯಿಂದ ಹೋದವರು ಆ ಬಡತನವನ್ನು ತಮ್ಮ ಉಳಿತಾಯವೆಂದು ಎಣಿಸಲಾಗದು. ಇನ್ನೊಂದು, ಸ್ವಂತ ಮನೆಯಲ್ಲಿರುವವರ ಮನೆಯ ಬೆಲೆ ಈ ಸಮೀಕ್ಷೆಯ ಖರ್ಚಿನಲ್ಲಿ ಸೇರಿಲ್ಲ. ಗ್ರಾಹಕ ಬೆಲೆ ಸೂಚ್ಯಂಕದ ಕತೆಯೂ ಹಾಗೇ ಇತ್ತು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸೂಚ್ಯಂಕದಲ್ಲಿ ನಗರಕ್ಕೆ ವಸತಿಯ ತೂಕ ಶೇ 21.67, ಗ್ರಾಮೀಣ ಸೂಚ್ಯಂಕದಲ್ಲಿ ವಸತಿ ಎಂಬ ಬಾಬತ್ತೇ ಇರಲಿಲ್ಲ. ಹಳ್ಳಿಯಲ್ಲಿ ಬಾಡಿಗೆ ಮನೆಗಳು ಕಡಿಮೆ ಎಂಬುದು ಅದರ ಹಿಂದಿನ ತರ್ಕ. ಬಾಡಿಗೆ ಇಲ್ಲ ಎಂದ ಮಾತ್ರಕ್ಕೆ ಮನೆಗೆ ಖರ್ಚಿಲ್ಲ ಎಂದಾಗುವುದಿಲ್ಲ.

ಮನೆಯ ವಿಷಯದಲ್ಲಿ ಉಳಿತಾಯ ನಿಜವಾಗಿಯೂ ದೊಡ್ಡದು, ಆದರೆ ಊರಲ್ಲಿ ಮನೆಯಿದ್ದವರಿಗೆ. ತಿಂಗಳಿಗೆ 25,000 ಬಾಡಿಗೆಯ ಮನೆಯೆಂದು ಇಟ್ಟುಕೊಳ್ಳೋಣ; ವರ್ಷಕ್ಕೆ ಮೂರು ಲಕ್ಷ. ಬೆಂಗಳೂರಿನ ಹಳೆಯ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸು ಕೊಟ್ಟಿದ್ದರೆ ಎರಡೂವರೆ ಲಕ್ಷ ಬಡ್ಡಿಯಿಲ್ಲದೆ ಕೂತಿರುತ್ತದೆ. ಶೇ 7ರ ಠೇವಣಿಯಲ್ಲಿಟ್ಟಿದ್ದರೆ ಅದರಿಂದಲೇ ವರ್ಷಕ್ಕೆ 17,500 ರೂಪಾಯಿ ಬರುತ್ತಿತ್ತು. ಅಪಾರ್ಟ್‌ಮೆಂಟಾದರೆ ಮೇಂಟೆನೆನ್ಸ್ ಬೇರೆ. ನೀರಿಗೂ ದುಡ್ಡು: 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರಿನ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಊರಿನ ಹಿರಿಯರ ಮನೆಗೆ ಹೋದರೆ ಇವೆಲ್ಲ ಒಮ್ಮೆಗೇ ನಿಲ್ಲುತ್ತವೆ. ಪಂಚಾಯ್ತಿಗೆ ಕಟ್ಟುವ ಮನೆ ಕಂದಾಯ ಇದರೆದುರು ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಹತ್ತು ವರ್ಷ ಬೀಗ ಹಾಕಿದ್ದ ಹಂಚಿನ ಮನೆ ಬಾಗಿಲು ತೆಗೆದ ದಿನದಿಂದ ತನ್ನ ಬಾಕಿ ಕೇಳುತ್ತದೆ. ಪಕಾಸಿಗೆ ಗೆದ್ದಲು ಹಿಡಿದಿರುತ್ತದೆ, ಹಂಚು ಸರಿದು ಗೋಡೆ ನೆನೆದಿರುತ್ತದೆ, ವೈರಿಂಗನ್ನು ಇಲಿ ಕಡಿದಿರುತ್ತದೆ. ಮಣ್ಣಿನ ಗೋಡೆಯ ಮನೆಗೆ ಜನ ವಾಸವಿದ್ದರೇನೇ ಆಯುಷ್ಯ. ಮಲೆನಾಡಿನಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕು, ಜಡಿಮಳೆ ಹೊಡೆಯುವ ದಿಕ್ಕಿಗೆ ತಡಿಕೆ ಕಟ್ಟಬೇಕು. ಮೊದಲು ಇದಕ್ಕೆ ಅಡಿಕೆ ಸೋಗೆ ಸಾಕಿತ್ತು, ಮನೆಯವರೇ ಮಾಡಿಕೊಳ್ಳುತ್ತಿದ್ದರು. ಈಗ ಮಾಡು ಹತ್ತುವವರು ಅಪರೂಪ. ಒಂದು ನಲ್ಲಿ ಸೋರಿದರೆ ಪೇಟೆಯಿಂದ ಬರುವ ಪ್ಲಂಬರ್ ಅರ್ಧ ಗಂಟೆಯ ಕೆಲಸಕ್ಕೆ ಇಡೀ ದಿನದ ಸಂಬಳ, ಬೈಕಿನ ಪೆಟ್ರೋಲು ಎರಡನ್ನೂ ಕೇಳುತ್ತಾನೆ. ಅದು ನ್ಯಾಯವೂ ಹೌದು. ಅವನ ದಿನ ಹೋಗಿರುತ್ತದೆ. ಪೇಟೆಯಲ್ಲಿ ಮಾಲೀಕನ ತಲೆಯ ಮೇಲಿದ್ದ ರಿಪೇರಿಯೆಲ್ಲ ಇಲ್ಲಿ ನಮ್ಮ ತಲೆಯ ಮೇಲೆ ಬರುತ್ತದೆ.

ಊರಲ್ಲಿ ಏನೂ ಇಲ್ಲದೆ ಹೊಸದಾಗಿ ಜಮೀನು ಕೊಳ್ಳುವವರ ಲೆಕ್ಕವೇ ಬೇರೆ. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ದಾರಿ ಸಲೀಸಾಯಿತು, ಖರ್ಚು ಸಲೀಸಾಗಲಿಲ್ಲ. ಬೇಲಿ, ರಸ್ತೆ, ಕರೆಂಟಿನ ಕಂಬ, ಬೋರು ಎಲ್ಲವೂ ಮೊದಲ ವರ್ಷವೇ ಆಗಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗುತ್ತದೆ. ಅಡಿ ಲೆಕ್ಕದಲ್ಲಿ ಕೊರೆಸುವ ಕೂಲಿ ಒಂದಾದರೆ ಕೇಸಿಂಗ್, ಮೋಟರು, ಕೇಬಲ್ಲು, ಪೈಪು ಇನ್ನೊಂದು. ಇಷ್ಟೆಲ್ಲ ಆದ ಮೇಲೂ ನೀರು ಬಾರದೆ ಹೋಗಬಹುದು. ಶಿರಸಿ, ಸಾಗರದ ಕಡೆ ಗುಡ್ಡದ ಮೇಲಿನ ಅಬ್ಬಿ ನೀರು ಪೈಪಿನಲ್ಲಿ ತಾನೇ ಇಳಿದು ಬರುವ ಮನೆಗಳಿವೆ. ಅವರಿಗೆ ನೀರಿನ ಖರ್ಚು ಪೈಪಿನದಷ್ಟೇ. ಒಂದೇ ರಾಜ್ಯದ ಎರಡು ಹಳ್ಳಿಗಳ ನಡುವೆ ಇಷ್ಟು ಅಂತರವಿರುವಾಗ ‘ಹಳ್ಳಿಯಲ್ಲಿ ಖರ್ಚು ಕಡಿಮೆ’ ಎಂಬ ಒಂದೇ ಮಾತು ಎಲ್ಲಿಗೂ ಹೊಂದುವುದಿಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಮನೆಮನೆಗೆ ನಲ್ಲಿ ಕೊಟ್ಟು ತಲೆಗೆ ದಿನಕ್ಕೆ 55 ಲೀಟರಿನ ಗುರಿ ಇಟ್ಟಿದೆ. ಅದು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಸಾಕು. ಎರಡು ದನ ಕಟ್ಟಿ ನಾಲ್ಕು ಸಾಲು ಬೆಂಡೆ ಹಾಕುವವರಿಗೆ ಸಾಲದು.

ಇನ್ನು ಊಟದ ಮಾತು. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ಸೋಪು, ಎಣ್ಣೆ, ಬಿಸ್ಕತ್ತು, ಚಹಾಪುಡಿಗೆ ಎಮ್ಆರ್‌ಪಿ ಎಲ್ಲ ಕಡೆಯೂ ಒಂದೇ. ಬೆಂಗಳೂರಿನ ಸೂಪರ್ ಮಾರ್ಕೆಟ್ಟು, ಮೊಬೈಲ್ ಆ್ಯಪ್‌ಗಳು ಅದರಲ್ಲಿ ರಿಯಾಯ್ತಿ ಕೊಡುತ್ತವೆ; ಊರಿನ ಅಂಗಡಿಯಲ್ಲಿ ಬರೆದಷ್ಟೂ ಕೊಡಬೇಕು. ತರಕಾರಿ ಇನ್ನೂ ವಿಚಿತ್ರ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೊಮೆಟೊ, ಕೋಸು, ಬೀನ್ಸ್ ಬೆಳೆಯುವುದು ಕಷ್ಟ. ಅವು ಲಾರಿಯಲ್ಲಿ ಬಯಲುಸೀಮೆಯಿಂದ ಬರುತ್ತವೆ, ಸಂತೆಗೆ ಮುಟ್ಟುವಷ್ಟರಲ್ಲಿ ಬೆಂಗಳೂರಿನ ಬೆಲೆಗೆ ಸಾಗಾಣಿಕೆ ಸೇರಿರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಹಳ್ಳಿಯವರೂ ಅಷ್ಟೇ ಕೊಟ್ಟರು. ಊರಿನ ಅಡುಗೆ ಊರಿನವರಿಗೆ ಅಗ್ಗವಾಗುವುದು ಅವರು ಋತುವಿಗೆ ತಕ್ಕ ಹಾಗೆ ಉಣ್ಣುವುದರಿಂದ. ಮಳೆಗಾಲಕ್ಕೆ ಕೆಸುವು, ಕಳಲೆ, ಸೊಳೆ, ಒಣಗಿಸಿಟ್ಟ ಹಪ್ಪಳ–ಸಂಡಿಗೆ, ಭರಣಿಯ ಮಾವಿನಮಿಡಿ, ಅಟ್ಟಕ್ಕೆ ಕಟ್ಟಿದ ಮಗೆಕಾಯಿ. ಬೆಂಗಳೂರಿನ ಊಟವನ್ನೇ ಹಳ್ಳಿಯಲ್ಲೂ ಉಣ್ಣುತ್ತೇನೆಂದರೆ ಪಾತ್ರೆಗೆ ಬೀಳುವ ಖರ್ಚು ಬೆಂಗಳೂರಿನದನ್ನೂ ಮೀರೀತು. 2022–23ರ ಸಮೀಕ್ಷೆಯಲ್ಲೂ ದೇಶದ ಗ್ರಾಮೀಣ ಮನೆಗಳು ಖರ್ಚಿನಲ್ಲಿ ಶೇ 46ರಷ್ಟನ್ನು ಆಹಾರಕ್ಕೇ ಕೊಡುತ್ತಿವೆ; ನಗರದಲ್ಲಿ ಅದು ಶೇ 39. ಪಾನೀಯ ಮತ್ತು ಸಿದ್ಧ ತಿನಿಸಿನ ಪಾಲು ಹಳ್ಳಿಯಲ್ಲೂ ಶೇ 9.6ಕ್ಕೆ ಬಂದಿದೆ, ನಗರದ ಶೇ 10.6ಕ್ಕೆ ತೀರಾ ಹತ್ತಿರ.

ಹಾಲಿನ ಲೆಕ್ಕ ಹೇಳುವುದು ಸುಲಭ, ಕೂಡಿಸುವುದು ಕಷ್ಟ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ‘ಊರಲ್ಲೊಂದು ಹಸು ಕಟ್ಟಿದರೆ ಆಯಿತು’ ಎಂದವರು ಬಹಳ. ಹಿಂಡಿ, ಒಣಹುಲ್ಲು, ಗಬ್ಬದ ಹಸುವಿನ ಬತ್ತಿದ ತಿಂಗಳುಗಳು, ಡಾಕ್ಟರ ಫೀಸು ಇವನ್ನು ಕೂಡಿಸಿದರೆ ಒಂದೇ ಹಸುವಿನ ಮನೆಗೆ ಹಾಲು ಅಗ್ಗವಾಗಿ ಬೀಳುವುದಿಲ್ಲ. ಸೊಸೈಟಿಗೆ ಹಾಲು ಹಾಕಿ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವನ್ನೂ ಪಡೆಯುವವರ ಮನೆಯಲ್ಲಿ ಲೆಕ್ಕ ಸರಿಹೋಗುತ್ತದೆ. ಉಳಿದವರಿಗೆ ಹಸುವಿನಿಂದ ಸಿಗುವುದು ಗೊಬ್ಬರ, ಗೋಬರ್ ಗ್ಯಾಸು ಮತ್ತು ಒಳ್ಳೆಯ ಮಜ್ಜಿಗೆ. ಅವು ಸಣ್ಣವೇನಲ್ಲ. ಗೋಬರ್ ಗ್ಯಾಸ್ ಚೆನ್ನಾಗಿ ನಡೆಯುವ ಮನೆಯಲ್ಲಿ ಸಿಲಿಂಡರು ತಿಂಗಳುಗಟ್ಟಲೆ ಬರುತ್ತದೆ, ತೋಟಕ್ಕೆ ಕೊಳ್ಳುವ ಗೊಬ್ಬರ ತಗ್ಗುತ್ತದೆ. ಆದರೆ ದನ ಕಟ್ಟಿದ ಮನೆಗೆ ಬೀಗ ಹಾಕಿ ಒಂದು ರಾತ್ರಿ ನೆಂಟರ ಮನೆಗೆ ಹೋಗಲಾಗದು. ಆ ಒಂದು ರಾತ್ರಿಗೂ ಆಳು ಬೇಕು.

ಆಳಿನ ವಿಷಯಕ್ಕೆ ಬಂದರೆ, ಮನೆಯೊಳಗೇ ಇರುವ ಆಳನ್ನು ಯಾರೂ ಎಣಿಸುವುದಿಲ್ಲ. ಹಿತ್ತಲಿನ ಬಸಳೆ ಪುಕ್ಕಟೆ, ಬೀಸಿದ ಹಿಟ್ಟು ಪುಕ್ಕಟೆ, ಕಾಯಿಸಿದ ತುಪ್ಪ ಪುಕ್ಕಟೆ ಎಂದು ಬರೆಯುವಾಗ ಅಲ್ಲಿ ಒಬ್ಬ ಹೆಂಗಸಿನ ಬೆಳಗು, ಸಂಜೆ ಎರಡೂ ಕರಗಿರುತ್ತವೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಪೇಟೆಯಲ್ಲಿ ಕೆಲಸದವಳಿಗೆ, ಹೋಟೆಲಿಗೆ, ಇಸ್ತ್ರಿಯವನಿಗೆ, ತಯಾರು ದೋಸೆಹಿಟ್ಟಿಗೆ ಕೊಡುತ್ತಿದ್ದ ದುಡ್ಡು ಹಳ್ಳಿಯಲ್ಲಿ ಉಳಿಯುವುದು ಹೆಚ್ಚಾಗಿ ಈ ನಿಮಿಷಗಳಿಂದ. ಪೇಟೆಯಲ್ಲಿ ಸಂಬಳ ತರುತ್ತಿದ್ದ ಹೆಣ್ಣುಮಗಳು ಊರಿಗೆ ಬಂದು ಆ ಸಂಬಳವನ್ನೂ ಬಿಟ್ಟು ಈ ಕೆಲಸವನ್ನೂ ಹೊತ್ತರೆ, ಮನೆಯ ‘ಉಳಿತಾಯ’ವನ್ನು ಕಟ್ಟಿದವಳು ಅವಳೊಬ್ಬಳೇ. ಊರಿಗೆ ಹೋಗುವ ತೀರ್ಮಾನವನ್ನು ಅವಳನ್ನು ಕೇಳಿಯೇ ಮಾಡಬೇಕೆಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೆ.

ಕರೆಂಟಿನದು ಚಿಕ್ಕ ವಿಷಯ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವೆಂದರೂ ಅದು ಆಯಾ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಕಟ್ಟುಬಿದ್ದದ್ದು. ಬೀಗ ಹಾಕಿದ್ದ ಮನೆಯಲ್ಲಿ ಆ ಸರಾಸರಿಯೇ ಚಿಕ್ಕದು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಮೂರು ದಿನ ಬಾರದಿರಬಹುದು. ಹಾಗಾಗಿ ಇನ್ವರ್ಟರ್, ಕೆಲವು ವರ್ಷಕ್ಕೊಮ್ಮೆ ಅದರ ಬ್ಯಾಟರಿ, ಸಿಡಿಲಿಗೆ ಸುಟ್ಟುಹೋಗುವ ಮೋಡೆಮ್, ಮನೆಯಿಂದಲೇ ಕೆಲಸ ಮಾಡುವವರಾದರೆ ಎರಡನೇ ಇಂಟರ್ನೆಟ್ ಸಂಪರ್ಕ, ಇವಿಷ್ಟನ್ನು ಬರೆದಿಟ್ಟುಕೊಂಡರೆ ಸಾಕು.

ಓಡಾಟದ ಖರ್ಚು ಹಾಗಲ್ಲ. ಬಾಡಿಗೆಯಲ್ಲಿ ಉಳಿದ ದುಡ್ಡನ್ನು ನಿಧಾನವಾಗಿ ತಿನ್ನುವುದು ಇದೇ. ಪೇಟೆಯಲ್ಲಿ ಮನೆಯ ಕೆಳಗೇ ಇದ್ದ ಮೆಡಿಕಲ್ ಶಾಪು, ಬ್ಯಾಂಕು, ಹಾರ್ಡ್‌ವೇರ್ ಅಂಗಡಿ, ಡೆಂಟಿಸ್ಟು ಎಲ್ಲವೂ ಈಗ ಇಪ್ಪತ್ತು ಕಿಲೋಮೀಟರ್ ಆಚೆ. ಹೋಗಿಬರಲು ನಲವತ್ತು ಕಿಲೋಮೀಟರ್. ಲೀಟರಿಗೆ ಹದಿನೈದು ಕೊಡುವ ಕಾರಿನಲ್ಲಿ, ಪೆಟ್ರೋಲು ಸುಮಾರು 103 ರೂಪಾಯಿ ಎಂದು ಹಿಡಿದರೆ, ಒಂದು ಸಲಕ್ಕೆ 275 ರೂಪಾಯಿ. ವಾರಕ್ಕೆ ಮೂರು ಸಲ ಹೋದರೆ ತಿಂಗಳಿಗೆ 3,300. ಮಲೆನಾಡಿನ ಒಳಭಾಗದ ಬಂಕುಗಳಲ್ಲಿ ಬೆಲೆ ಬೆಂಗಳೂರಿಗಿಂತ ತುಸು ಹೆಚ್ಚೇ ಇರುತ್ತದೆ, ಮಣ್ಣು ರಸ್ತೆಗೆ ಟೈರು, ಸಸ್ಪೆನ್ಷನ್ ಸವೆಯುತ್ತವೆ. ಬೆಂಗಳೂರಿನಲ್ಲಿ ಕಾರಿಲ್ಲದೆ ಬದುಕಿದವರು ಹಳ್ಳಿಗೆ ಬಂದ ಮೇಲೆ ಕಾರು ಕೊಂಡದ್ದು ನನಗೆ ಗೊತ್ತಿದೆ. ಅದರಲ್ಲಿ ಆಡಂಬರವೇನಿಲ್ಲ, ರಾತ್ರಿ ಹೊತ್ತು ಅಪ್ಪನಿಗೆ ಎದೆನೋವು ಬಂದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿದೆ. ಹಳ್ಳಿಯ ಮನೆಖರ್ಚನ್ನು ನೇರವಾಗಿ ಇಳಿಸಿದ ಯೋಜನೆ ಇದು, ಸಂತೆಗೆ, ಆಸ್ಪತ್ರೆಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರನ್ನು ಕೇಳಿ ನೋಡಿ. ಆದರೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟಿನಿಂದ ಏನೂ ಆಗದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಬಸ್ಸುಗಳದೇ ರಾಜ್ಯ. ಅಲ್ಲಿ ದುಡ್ಡು ಕೊಟ್ಟೇ ಹತ್ತಬೇಕು. ಕೊಪ್ಪದಲ್ಲಿ ಕಾರ್ಮಿಕರೇ ಕೂಡಿ ನಡೆಸುತ್ತಿದ್ದ ಸಹಕಾರ ಸಾರಿಗೆ ಸಂಸ್ಥೆ ಮಲೆನಾಡಿನ ಮೂಲೆಯ ಊರುಗಳನ್ನು ಪೇಟೆಗೆ ಜೋಡಿಸಿತ್ತು. 2020ರಲ್ಲಿ ಅದು ನಿಂತುಹೋಯಿತು. ಒಂದು ಬಸ್ಸು ನಿಂತಾಗ ಆ ದಾರಿಯ ಪ್ರತಿ ಮನೆಯ ಖರ್ಚೂ ಏರುತ್ತದೆ. ಆಟೋ ಬಾಡಿಗೆ, ಬೈಕಿನ ಕಂತು, ಹೈಸ್ಕೂಲಿಗೆ ಹೋಗುವ ಮಗುವಿನ ವ್ಯಾನು ಎಲ್ಲ ಸೇರಿಕೊಳ್ಳುತ್ತವೆ.

ಶಾಲೆಯ ಫೀಸಿನಲ್ಲಿ ಪೇಟೆ, ಹಳ್ಳಿಯ ಅಂತರ ಕಣ್ಣಿಗೆ ರಾಚುತ್ತದೆ. 2022–23ರ ವೆಚ್ಚ ಸಮೀಕ್ಷೆಯಂತೆ ದೇಶದ ನಗರದ ಮನೆಗಳು ಖರ್ಚಿನ ಶೇ 5.8ರಷ್ಟನ್ನು ಶಿಕ್ಷಣಕ್ಕೆ ಕೊಟ್ಟರೆ ಗ್ರಾಮೀಣ ಮನೆಗಳು ಶೇ 3.3ರಷ್ಟು. ಊರಿನ ಸರ್ಕಾರಿ ಶಾಲೆಯಲ್ಲಿ ಒಳ್ಳೆಯ ಮೇಷ್ಟ್ರಿದ್ದರೆ ಆ ಉಳಿತಾಯಕ್ಕೆ ಸಾಟಿಯಿಲ್ಲ, ಕಲಿಕೆಯೂ ಕಡಿಮೆಯಾಗದು. ಆದರೆ ಹತ್ತನೆಯ ತರಗತಿ ಮುಗಿದೊಡನೆ ಅದೇ ಮಗು ಪಿಯುಸಿಗೆ ಮೂಡುಬಿದಿರೆಗೋ ಶಿವಮೊಗ್ಗಕ್ಕೋ ಧಾರವಾಡಕ್ಕೋ ಹೊರಡುತ್ತದೆ. ಹಾಸ್ಟೆಲು, ಮೆಸ್ಸು, ಕೋಚಿಂಗು, ಹಬ್ಬಕ್ಕೆ ಬಂದುಹೋಗುವ ಬಸ್ ಚಾರ್ಜು ಎಲ್ಲ ಒಟ್ಟಿಗೆ ಬೀಳುತ್ತವೆ. ಹತ್ತು ವರ್ಷ ಉಳಿಸಿದ್ದು ಅಲ್ಲಿಯವರೆಗೆ ಕೈಯಲ್ಲಿದ್ದರೆ ಸರಿ.

ಆಸ್ಪತ್ರೆಯ ಖರ್ಚೂ ಹಾಗೇ ಒಮ್ಮೆಲೇ ಎರಗುವಂಥದ್ದು. ಅದೇ ಸಮೀಕ್ಷೆಯಲ್ಲಿ ಔಷಧೋಪಚಾರದ ಪಾಲು ಗ್ರಾಮೀಣ ಮನೆಗಳಲ್ಲಿ ಶೇ 7ರಷ್ಟು, ನಗರದಲ್ಲಿ ಶೇ 6ರಷ್ಟು. ಡಾಕ್ಟರು ಹಳ್ಳಿಯಲ್ಲಿ ಕಡಿಮೆ ಫೀಸು ತೆಗೆದುಕೊಂಡರೂ ಪಾಲು ಹೆಚ್ಚಾಗುವುದಕ್ಕೆ ದೂರವೂ ಒಂದು ಕಾರಣ. ಉತ್ತರ ಕನ್ನಡದವರು ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ದೊಡ್ಡ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ. ರೋಗಿಯ ಜೊತೆ ಹೋದವರ ಲಾಡ್ಜು, ಊಟ, ಬಿಟ್ಟುಬಂದ ಕೆಲಸ ಯಾವ ವಿಮೆಯಲ್ಲೂ ಸಿಗುವುದಿಲ್ಲ. ಆದರೂ ಊರಿಗೆ ಬಂದವರು ಮೊದಲ ವರ್ಷವೇ ಮಾಡಬೇಕಾದ ಕೆಲಸವೊಂದಿದೆ: ಸೊಸೈಟಿಯ ಸದಸ್ಯರಾಗಿ ಯಶಸ್ವಿನಿಗೆ ಸೇರುವುದು. 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಈ ಯೋಜನೆಯನ್ನು 2022–23ರಲ್ಲಿ ಮತ್ತೆ ತಂದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, ನಗರದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ.

ಪೇಟೆಯವರ ಪಟ್ಟಿಯಲ್ಲಿ ಬರದೇ ಹೋಗುವ ಬಾಬತ್ತು ಇನ್ನೊಂದಿದೆ: ಊರಿನವರಾಗಿ ಇರುವುದರ ಖರ್ಚು. ಮದುವೆಯ ಮುಯ್ಯಿ, ಗೃಹಪ್ರವೇಶ, ತಿಥಿ, ದೇವಸ್ಥಾನದ ಜೀರ್ಣೋದ್ಧಾರದ ರಸೀದಿ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ಚಂದಾ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಒಂಬತ್ತು ದಿನ ಸುತ್ತಲ ಊರಿನ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಹಳೆ ಮೈಸೂರಿನ ಕಡೆ ಊರಹಬ್ಬಕ್ಕೆ ಬೀಗರನ್ನು ಕರೆದು ಬಾಡೂಟ ಹಾಕದಿದ್ದರೆ ಮನೆಯ ಮರ್ಯಾದೆಯ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಎರಡು ಮದುವೆ ಬಂದರೆ ಕೈಯಲ್ಲಿದ್ದ ನಗದು ಖಾಲಿ. ಇದನ್ನು ದಂಡವೆಂದು ತಿಳಿದವರು ಊರಲ್ಲಿ ಬಾಳಲಾರರು. ಮುಯ್ಯಿ ಕೊಟ್ಟವರ ಮನೆಯಲ್ಲಿ ಸಾವಾದರೆ ಸೌದೆ ಒಟ್ಟಲು ಊರೇ ಬರುತ್ತದೆ, ಗದ್ದೆ ನೆಟ್ಟಿಗೆ ಮುಯ್ಯಾಳು ಬರುತ್ತಾರೆ, ರಾತ್ರಿ ಎರಡು ಗಂಟೆಗೆ ಜೀಪು ತೆಗೆಯಲು ಪಕ್ಕದ ಮನೆಯ ತಮ್ಮ ಎದ್ದು ಬರುತ್ತಾನೆ. ಪೇಟೆಯಲ್ಲಿ ವಿಮೆಗೆ, ಸೆಕ್ಯೂರಿಟಿಗೆ, ಕ್ಯಾಬಿಗೆ ಕೊಡುವುದನ್ನು ಇಲ್ಲಿ ಈ ದಾರಿಯಲ್ಲಿ ಕೊಡುತ್ತೇವೆ.

ಇದನ್ನೆಲ್ಲ ಕೂಡಿಸಿ ನೋಡಿದರೆ ಸ್ವಂತ ಮನೆ, ಒಂದಿಷ್ಟು ತೋಟ, ಕೆಡದ ನೀರು ಇರುವ ಕುಟುಂಬಕ್ಕೆ ಹಳ್ಳಿಯಲ್ಲಿ ವರ್ಷದ ಖರ್ಚು ಇಳಿಯುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಳಿದದ್ದು ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿರುವುದಿಲ್ಲ. ಏಳೆಂಟು ತಿಂಗಳು ಜೇಬಿಗೆ ಕೈ ಹಾಕದೆ ದಿನ ಹೋಗುತ್ತದೆ, ನಡುವೆ ಒಂದೇ ತಿಂಗಳಲ್ಲಿ ಮಾಡು, ಮದುವೆ, ಮೋಟರು, ಹಾಸ್ಟೆಲ್ ಫೀಸು ಒಟ್ಟಿಗೆ ಬರುತ್ತವೆ. ಅಡಿಕೆ ಬೆಳೆಗಾರರು ಈ ಏರಿಳಿತಕ್ಕೆ ತಲೆಮಾರುಗಳಿಂದ ಒಗ್ಗಿದವರು: ಸೊಸೈಟಿಯಲ್ಲಿ ಖಾತೆ, ಬೆಳೆಯ ಮೇಲೆ ಮುಂಗಡ, ಅಂಗಡಿಯಲ್ಲಿ ಉದ್ರಿ, ಕೊಯ್ಲಾದ ಮೇಲೆ ಚುಕ್ತಾ. ಸಂಬಳ ಬಿಟ್ಟು ಬಂದವರಿಗೆ ಈ ಏರ್ಪಾಡು ಒಂದೇ ದಿನದಲ್ಲಿ ಸಿಗದು. ಆದ್ದರಿಂದ ಒಂದು ಇಡೀ ವರ್ಷದ ಖರ್ಚನ್ನು, ಅದರ ಮೇಲೆ ಮನೆ ರಿಪೇರಿಯ ಮೊತ್ತವನ್ನು, ಬೇರೆಯಾಗಿ ಒಂದು ಆಸ್ಪತ್ರೆಯ ಮೊತ್ತವನ್ನು ಕೈಯಲ್ಲಿಟ್ಟುಕೊಳ್ಳದೆ ಬೆಂಗಳೂರಿನ ಮನೆ ಖಾಲಿ ಮಾಡಬಾರದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಊರಲ್ಲಿ ಏನಾದರೂ ಆಸ್ತಿ ಇರುವವರ ಮಾತು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು ಬೆಂಗಳೂರಿನ ಕಟ್ಟಡಗಳ ಬದಿಯ ತಗಡಿನ ಶೆಡ್ಡಿನಲ್ಲಿರುವ ಕುಟುಂಬಕ್ಕೂ ಊರಿನ ಖರ್ಚು ಕಡಿಮೆಯೇ. ರೇಷನ್ ಅಕ್ಕಿ ಸಿಗುತ್ತದೆ, ಗೃಹಲಕ್ಷ್ಮಿಯ 2,000 ಬರುತ್ತದೆ, ಶೆಡ್ಡಿನ ಬಾಡಿಗೆ ಇರುವುದಿಲ್ಲ, ಮಕ್ಕಳು ಅಜ್ಜಿಯ ಜೊತೆಗಿದ್ದು ಒಂದೇ ಶಾಲೆಯಲ್ಲಿ ಓದಬಹುದು. ಇಷ್ಟಿದ್ದೂ ಅವರು ಊರಲ್ಲಿ ನಿಲ್ಲಲಾಗದಿರುವುದು ಗಳಿಕೆಯ ಕಾರಣಕ್ಕೆ. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಆಗಿನ ನೂರು ದಿನವೂ ಕೆಲಸ ಸಿಕ್ಕಿದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 37,000 ಆಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ತೊಗರಿ, ಹತ್ತಿ ಹೊಲಗಳಲ್ಲೂ ಕೂಲಿ ಇಲ್ಲ. ಮಗಳ ಮದುವೆಗೆ ಮಾಡಿದ ಸಾಲ ಊರಿನಲ್ಲಿದೆ, ಅದನ್ನು ತೀರಿಸುವ ದುಡ್ಡು ಬೆಂಗಳೂರಿನಲ್ಲಿದೆ. ಈ ಕುಟುಂಬಗಳು ಊರಿಗೆ ಮರಳಬೇಕಾದರೆ ಅಲ್ಲಿ ಖರ್ಚು ಇನ್ನಷ್ಟು ಇಳಿಯಬೇಕಾಗಿಲ್ಲ. ವರ್ಷವಿಡೀ ನಂಬಬಹುದಾದ ಕೂಲಿ ಬೇಕು.